ಅಟ್ಟದ ಕಾಯಿ, ತಿಪಟೂರಿನ ಸೈಟು

ನಮ್ಮ ಸೋದರತ್ತೆ ಗಂಗಕ್ಕನಿಗೆ ಸೈಟಿನ ಹುಚ್ಚು ಹಿಡಿಸಿದವಳು ನಮ್ಮಮ್ಮ. ಗಂಡ ಸತ್ತ ಮೇಲೆ ತುರುವೇಕೆರೆ ಕಡೆಯಿಂದ ಶೆಟ್ಟಿಕೆರೆಯ ತವರಿಗೆ ಬಂದ ಅತ್ತೆಗೆ ಸಿಕ್ಕಿದ್ದು ಬರೀ ಜಗಲಿ. "ಜಗಲಿ ತುಂಬಾ ನಿನ್ ಗಂಟೇ ಆಯ್ತಲ್ಲೇ" ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ಹೆತ್ತವಳ ಮೇಲೆ ಹೀಗೆ ಬರೆಯಬಾರದು ಅನ್ನುವವರು ಅನ್ನಲಿ, ನನಗೇನು.

೧೯೭೮ರಲ್ಲಿ ಬಸವರಾಜಪ್ಪ ಎಂಬುವವರು ತಿಪಟೂರಿನ ಅಂಚಿನ ತಮ್ಮ ರಾಗಿ ಹೊಲಕ್ಕೆ ಕಲ್ಲು ನೆಡಿಸಿ ಸೈಟು ಮಾರತೊಡಗಿದರು. ಅತ್ತೆ ಕೊರಳ ಅಡ್ಡಿಕೆ ಮಾರಿ ಮುಂಗಡ ಕೊಟ್ಟೇಬಿಟ್ಟಳು.

"ಎರಡು ರೂಮು ಕಟ್ಟುಸ್ತೀನಿ ಕಣ್ಲಾ. ಒಂದ್ರಲ್ಲಿ ನಾನು, ಇನ್ನೊಂದು ಬಾಡ್ಗೆಗೆ. ಕಾಲೇಜು ಹುಡುಗ್ರು ಬತ್ತಾರೆ. ಆಮೇಲೆ ಯಾರ ಜಗಲಿ ಹಂಗೂ ಬ್ಯಾಡ."

ಉಳಿದ ದುಡ್ಡು ಅಟ್ಟದ ಮೇಲಿತ್ತು. ಅಜ್ಜ ಅವಳ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಬಿಟ್ಟುಕೊಟ್ಟಿದ್ದ ಹದಿನೈದು ತೆಂಗಿನ ಮರದ ಕಾಯಿ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿಯನ್ನು ಹನ್ನೊಂದು ತಿಂಗಳು ಮುಟ್ಟುವುದಿಲ್ಲ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು, ಆಗಲೇ ಕೊಬ್ಬರಿ. ಸಾಲ ಕೊಟ್ಟವನಾಗಲಿ ಬೀಗನಾಗಲಿ, ಅಲ್ಲಿಯವರೆಗೆ ಕಾಯುತ್ತಾನೆ. ಬಸವರಾಜಪ್ಪನೂ ಕಾಯುತ್ತಾರೆಂದು ಅತ್ತೆ ನಂಬಿದಳು.

ಅವಳಿಗೆ ಓದು ಬರದು. ಕರಾರು ಪತ್ರ ತಂದು, ಬಿ.ಎ. ಓದುತ್ತಿದ್ದ ನನ್ನ ಕೈಗಿಟ್ಟು, "ಪೂರ್ತಿ ಓದೇಳಪ್ಪ" ಎಂದಳು. ನಾನು ಸೈಟಿನ ನಾಲ್ಕು ದಿಕ್ಕಿನ ಚೆಕ್ಕುಬಂದಿ ಓದಿದೆ. ಪೂರ್ವಕ್ಕೆ ರಸ್ತೆ ಎಂದಾಗ, "ಪೂರ್ವಕ್ಕೇ ಬಾಗ್ಲು ಇಡಾನ ಬುಡು" ಎಂದು ಮುಖ ಅರಳಿಸಿದಳು, ಅದನ್ನೇ ಮೂರು ಸಲ ಓದಿಸಿದಳು. ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ತಿಪಟೂರಿನಲ್ಲಿ ಗೆಳೆಯರು ಸಿನಿಮಾಕ್ಕೆ ಕಾಯುತ್ತಿದ್ದರು. ಕೊನೆಯ ಪುಟ ತಿರುಗಿಸದೆ ಪತ್ರ ಮಡಿಸಿ ಕೊಟ್ಟು ಓಡಿದೆ.

ಹನ್ನೊಂದು ತಿಂಗಳಾದ ಮೇಲೆ ಕೊಬ್ಬರಿ ಮಾರಿ, ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ತಿಪಟೂರಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಅವಳ ಸೈಟಿನಲ್ಲಿ ಯಾರದೋ ಗೋಡೆ ಸೊಂಟದವರೆಗೆ ಎದ್ದಿತ್ತು.

"ಆರು ತಿಂಗಳೊಳಗೆ ರಿಜಿಸ್ಟ್ರಿ ಅಂತ ಕೊನೇ ಪುಟದಲ್ಲಿ ಬರ್ದಿತ್ತಲ್ಲಮ್ಮ" ಎಂದರು ಬಸವರಾಜಪ್ಪ. "ನೀವು ಬರ್ಲಿಲ್ಲ, ಬೇರೆಯವ್ರಿಗೆ ಮಾಡ್ಕೊಟ್ಟೆ. ಮುಂಗಡ ವಾಪಸ್ ಇಲ್ಲ ಅಂತಾನೂ ಅದ್ರಲ್ಲೇ ಇದೆ."

ಅತ್ತೆ ನನ್ನ ಮುಖ ನೋಡಿದಳು. ಥೂ ನನ್ನ ಜನ್ಮಕ್ಕಿಷ್ಟು! "ಓದಿದ್ನಲ್ಲ ಅತ್ತೆ, ನೀನೇ ಮರ್ತಿದ್ದೀಯ" ಎಂದುಬಿಟ್ಟೆ.

"ಹೌದೇನೋ ಕಣಪ್ಪ" ಎಂದಳು.

ಊರಲ್ಲಿ ಯಾರು ಕೇಳಿದರೂ ಅದೇ ಮಾತು: "ನಮ್ಮುಡ್ಗ ಓದೇಳಿದ್ದ, ನಾನೇ ಮರ್ತೆ." ಅಮ್ಮನ ಬಾಯಿ ಇನ್ನೂ ಜೋರಾಯಿತು. ಅತ್ತೆ ಮತ್ತೆ ಸೈಟಿನ ಹೆಸರೆತ್ತಲಿಲ್ಲ.

೧೯೮೬ರಲ್ಲಿ ಅದೇ ಜಗಲಿಯಲ್ಲಿ ಹಾಸಿಗೆ ಹಿಡಿದಳು. ಹದಿನೈದು ಮರವನ್ನೂ ನನ್ನ ಹೆಸರಿಗೆ ಬರೆಸಿ, ಪತ್ರ ನನ್ನ ಕೈಗೇ ಕೊಟ್ಟು ಓದು ಎಂದಳು. ಚೆಕ್ಕುಬಂದಿ ಮುಗಿಸಿ ತಲೆಯೆತ್ತಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು.

"ಕೊನೇ ಪುಟಾನೂ ಓದಪ್ಪ" ಎಂದಳು.