ಹಿತ್ತಲ ಮನೆಯ ಅಕ್ಕನ ಹಸಿವು

ಹೋದ ವಾರ ಯಾದಗಿರಿಯ ಡಾಕ್ಟರು ಬರೆದುಕೊಟ್ಟ ಡಬ್ಬಿಯ ಮುಚ್ಚಳ ತಿರುಗಿಸಿದೆ, ಮೀನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಜೇನಿನ ಬಣ್ಣದ ಮೆತ್ತನೆಯ ಗುಳಿಗೆಗಳು. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡೆ ಅಷ್ಟೇ, ಎದೆ ಡವಡವ ಎನ್ನತೊಡಗಿತು. ಮನೆಯಲ್ಲಿ ನಾನೊಬ್ಬಳೇ, ಯಾರ ಅಂಜಿಕೆಯೂ ಇಲ್ಲ. ಆದರೂ ಕೈ ತಾನಾಗಿ ಆ ಡಬ್ಬಿಯನ್ನು ಜೋಳದ ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿಬಿಟ್ಟಿತು. ಇದೇನು ಹುಚ್ಚು ಅಂತ ನನಗೇ ನಗು ಬಂತು... ಆಮೇಲೆ ನಗು ಬರಲಿಲ್ಲ.

ಎಷ್ಟೋ ವರ್ಷಗಳ ಹಿಂದಿನ ಮಾತು. ಸುರಪುರದ ತಾಲೂಕು ಕಚೇರಿಯಲ್ಲಿ ನನಗೆ ಕ್ಲರ್ಕ್ ಕೆಲಸ ಸಿಕ್ಕ ಹೊಸತು. ಮನೆಯಲ್ಲಿ ನಾನು, ಅವ್ವ ಇಬ್ಬರೇ. ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿ ಕಿರಾಣಿ ಅಂಗಡಿಯವರ ಮನೆ. ಅವರು ಲಿಂಗ ಕಟ್ಟಿಕೊಂಡವರು, ತತ್ತಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವವರು. ನಾವು ಬೌದ್ಧರು, ಭಾನುವಾರ ಕಕ್ಕೇರಾ ಕಡೆಯ ಮೀನು ಬಂದರೆ ಬಿಡುವವರಲ್ಲ. ಆ ಮನೆಯ ಸೊಸೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ರೋಗವಿಲ್ಲ ರುಜಿನವಿಲ್ಲ, ಆದರೆ ಊಟ ಮಾತ್ರ ಗುಬ್ಬಿಯದು. “ಅತ್ತಿ ಉಣ್ಣಾಕ ಹಾಕಂಗಿಲ್ಲೇನು?” ಎಂದು ಓಣಿಯ ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ಅದನ್ನು ಕೇಳಿ ಆ ಅತ್ತೆ ಒಳಗೊಳಗೇ ಕೊರಗುತ್ತಿದ್ದರು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ಅಕ್ಕ ಹಿತ್ತಲಿಂದ ಒಳಗೆ ಬಂದು ಸೆರಗಿನ ಮರೆಯಿಂದ ಒಂದು ಡಬ್ಬಿ ತೆಗೆದರು. ಶಹಾಪುರದ ತವರಿಗೆ ಹೋದಾಗ ಅವರ ವೈನಿ, ಅಂದರೆ ಅಣ್ಣನ ಹೆಂಡತಿ, ಹಸಿವಿಗೆ ಒಳ್ಳೆಯದು ಎಂದು ಕೊಟ್ಟದ್ದಂತೆ.

“ತಂಗಿ, ಇದನ್ನ ತಗೊಂಡಾಗಿಂದ ಹಸಿವು ಭಾಳ ಆಗಾಕತ್ತದ. ಆದ್ರ ತೇಗು ಬಂದ್ರ ಒಂಥರಾ ವಾಸನಿ. ಇದರ ಮ್ಯಾಲ ಏನ್ ಬರದಾರ, ಓದು.”

ಓದಿದೆ. ಹೇಳಲೋ ಬೇಡವೋ ಎಂದು ಅವ್ವನ ಮುಖ ನೋಡಿದೆ. ಕೊನೆಗೆ ಮೀನಿನ ಎಣ್ಣೆ ಎಂದು ಹೇಳಿಯೇಬಿಟ್ಟೆ. ಅಕ್ಕ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟರು. ಈಗ ಡಬ್ಬಿ ತಿಪ್ಪೆಗೆ ಹೋಗುತ್ತದೆ ಅಂದುಕೊಂಡೆ. ಅವರು ಹೇಳಿದ್ದೇ ಬೇರೆ.

“ಈಗರೆ ಉಣಬೇಕು ಅನಸಾಕತ್ತದ... ಹ್ಯಾಂಗ ಬಿಡ್ಲಿ?”

ಅದು ಗುಳಿಗೆಯ ಗುಣವೋ, ತವರಿಗೆ ಹೋಗಿ ಬಂದ ಗುಣವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೋದ ವಾರ ಡಾಕ್ಟರನ್ನು ಕೇಳಿದೆ. ಗಟ್ಟಿಮುಟ್ಟಾಗಿ ಇರುವವರಲ್ಲಿ ಕೆಲವರಿಗೆ ಹಸಿವು ಹೆಚ್ಚಿದಂತೆ ಅನಿಸಬಹುದು, ಕೆಲವರಿಗೆ ಏನೂ ಅನಿಸದು, ಖಾತ್ರಿಯಾಗಿ ಹೇಳಲು ಬಾರದು ಎಂದರು. ತೇಗಿನ ಮಾತೆತ್ತಿದಾಗ ಮಾತ್ರ ನಕ್ಕು, ಅದು ಬರುವುದೇ ಎಂದರು.

ಆ ತೇಗೇ ಕುತ್ತಾಯಿತು. ನಮ್ಮ ಕಡೆ ಉಂಡವರು ತೇಗಿದರೇ ಬಡಿಸಿದವರಿಗೆ ಸಮಾಧಾನ. ಅತ್ತೆ ಸೊಸೆಯ ಎದುರಿಗೆ ಕೂತು ಅದಕ್ಕಾಗಿಯೇ ಕಾಯುತ್ತಿದ್ದರು. ಮೀನಿನ ವಾಸನೆ ಎಲ್ಲಿ ಹೊರಬಿದ್ದೀತೋ ಎಂದು ಅಕ್ಕ, ಹೊಟ್ಟೆ ಚುರುಗುಟ್ಟುತ್ತಿದ್ದರೂ, ಅರ್ಧ ರೊಟ್ಟಿಗೇ ಕೈ ತೊಳೆದು ಏಳುತ್ತಿದ್ದರು. ಆಮೇಲೆ ಗಂಡ ಅಂಗಡಿಯಲ್ಲಿದ್ದು ಅತ್ತೆ ಅಡ್ಡಾಗುವ ಹೊತ್ತು ನೋಡಿ ನಮ್ಮಲ್ಲಿಗೆ ಬರುವರು. ಡಬ್ಬಿಯೂ ನಮ್ಮ ಅಡುಗೆಮನೆಗೇ ಬಂದಿತ್ತು. ಗುಳಿಗೆ ನುಂಗಿ, ಅವ್ವ ಬಡಿದ ಬಿಸಿ ರೊಟ್ಟಿಗೆ ಪುಂಡಿಪಲ್ಯ, ಶೇಂಗಾ ಹಿಂಡಿ ಹಚ್ಚಿಕೊಂಡು ಉಣ್ಣುವರು.

“ನಿಮ್ಮನ್ಯಾಗ ಮೀನ ವಾಸನಿ ಬಂದ್ರ ಯಾರ್ ಕೇಳ್ತಾರ?” ಎಂದು ಒಮ್ಮೆ ಅಂದರು. ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. ಅವರು ಚುಚ್ಚಬೇಕೆಂದು ಅಂದದ್ದಲ್ಲ ಎಂಬುದೂ ಗೊತ್ತಿತ್ತು.

ಅವ್ವನಿಗೆ ಮಾತ್ರ ಆ ದಿನಗಳಲ್ಲಿ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. “ಗೊತ್ತಾತಂದ್ರ ವೈನಿ ಹೆಸರು ಯಾರೂ ತಗಿಯಂಗಿಲ್ಲ. ನಾವ ತಿನಿಸಿ ಕೆಡಿಸೀವಿ ಅಂತಾರ. ಆಮ್ಯಾಲ ಈ ಓಣ್ಯಾಗ ನಾವು ಇರೋದು ಹ್ಯಾಂಗ?” ಎನ್ನುವಳು. ಹಾಗಂತ ಹಸಿದು ಬಂದವರಿಗೆ ಬಾಗಿಲು ಹಾಕುವ ಹೆಂಗಸೂ ಅವಳಲ್ಲ. ಹಿತ್ತಲಲ್ಲಿ ಬೆಕ್ಕು ಹಾರಿದರೂ ನಾವಿಬ್ಬರೂ ಬೆಚ್ಚಿಬೀಳುತ್ತಿದ್ದೆವು. ಕಚೇರಿಯಲ್ಲಿ ಕೂತರೂ ನನಗೆ ಮನೆಯದೇ ಫಿಕರು.

ಕೊನೆಗೊಂದು ದಿನ ಅತ್ತೆಯೇ ಬಂದರು. ಅಕ್ಕ ಆಗಷ್ಟೇ ಉಂಡು ಹೋಗಿದ್ದರು, ತಾಟು ಇನ್ನೂ ತೊಳೆದಿರಲಿಲ್ಲ. ನಮ್ಮ ಹೊಸ್ತಿಲನ್ನು ಅವರು ಎಂದೂ ತುಳಿದವರಲ್ಲ, ಅಂದೂ ಹೊರಗೇ ನಿಂತರು.

“ನಮ್ಮ ಸೊಸಿ ಇಲ್ಲಿ ಉಣ್ತಾಳೇನು?”

ಅವ್ವ ಸುಳ್ಳು ಹೇಳಲಿಲ್ಲ. “ಉಣ್ತಾರ್ರಿ, ಅವ್ವಾರ.”

“ಹೊಟ್ಟಿ ತುಂಬ?”

“ಹೌದ್ರಿ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ಆ ವಾಸನಿ ನನಗ ಎಂದೋ ಗೊತ್ತಾಗ್ಯದ. ಇಲ್ಲೆರೆ ಉಣಲಿ ಬಿಡು. ನನಗ ಗೊತ್ತದ ಅಂತ ಆಕಿಗಿ ಹೇಳಬ್ಯಾಡ್ರಿ. ನಾಚಿಕೊಂಡು ಇಲ್ಲೂ ಉಣ್ಣೋದು ಬಿಟ್ಟಾಳು.”

ನಾವು ಹೇಳಲಿಲ್ಲ. ನಮ್ಮ ಅಂಜಿಕೆ ಹೋಯಿತು, ಅಕ್ಕನದು ಹೋಗಲಿಲ್ಲ. ಮುಂದೆ ವರ್ಗವಾಗಿ ಯಾದಗಿರಿಗೆ ಬಂದೆ, ಅವ್ವ ತೀರಿಕೊಂಡಳು, ಸುರಪುರದ ಕಡೆ ಹೋಗಿಬರುವುದು ಕಡಿಮೆಯಾಯಿತು... ಹೋದ ವರ್ಷ ಅಕ್ಕ ಯಾವುದೋ ಜ್ವರ ಬಂದು ತೀರಿಹೋದರು ಎಂದು ಸುದ್ದಿ ಬಂತು. ಆಗಲೂ ಆ ಮನೆಯ ಮೆಟ್ಟಿಲು ಹತ್ತುವ ಧೈರ್ಯ ನನಗೆ ಬರಲಿಲ್ಲ.

ಆ ಗುಳಿಗೆಯ ವಾಸನೆ ಮೂಗಿಗೆ ಬಡಿದ ಮೇಲೆ ಮನಸ್ಸು ತಡೆಯದೆ ಈ ಭಾನುವಾರ ಹೋದೆ. ಅತ್ತೆಗೆ ಈಗ ಕಣ್ಣು ಮಂಜು. ನನ್ನ ದನಿ ಕೇಳಿ ಗುರುತು ಹಿಡಿದರು, ಕೈ ಹಿಡಿದು ಒಳಗೆ ಕರೆದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

“ಕಡೀತನಕ ನನ್ನ ಎದುರಿಗೆ ಆಕಿ ಹೊಟ್ಟಿ ತುಂಬ ಉಣಲಿಲ್ಲವ್ವ. ನಿಮ್ಮನ್ಯಾಗ ಉಣ್ಣಾಗ ಹ್ಯಾಂಗ ಕಾಣ್ತಿದ್ಲು? ಹೇಳು.”

ಹಿತ್ತಲಾಚೆ ಅತ್ತೆ ಎದ್ದರೇನೋ ಎಂದು ಕಿವಿ ಅತ್ತಲೇ ಇಟ್ಟು, ಅಕ್ಕ ಗಬಗಬ ನುಂಗುತ್ತಿದ್ದುದು ನನ್ನ ಕಣ್ಣ ಮುಂದೆ ಬಂತು.

“ಆರಾಮ ಕುಂತು ಉಣ್ತಿದ್ರು, ಅವ್ವಾರ,” ಎಂದೆ.

ಅವರು ನನ್ನ ಕೈ ಬಿಡಲಿಲ್ಲ. “ಇನ್ನೊಮ್ಮಿ ಹೇಳು,” ಎಂದರು.