ಅಳಿಯ ತಂದ ಬಾಟಲಿ

ಮೊನ್ನೆ ನಮ್ಮ ಸಂಪಿನ ಮೋಟಾರು ಸುಟ್ಟುಹೋಯಿತೆಂದು ಚಿಂತಾಮಣಿಯ ಒಂದು ವೈಂಡಿಂಗ್ ಅಂಗಡಿಗೆ ಹೋಗಿದ್ದೆ. ತಾಮ್ರದ ತಂತಿ ಸುತ್ತಿ, ಮೇಲೆ ವಾರ್ನಿಷ್ ಹಾಕಿ ಒಣಗಲು ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ಅಣ್ಣ ಎದುರಿಗೆ ಬಂದು ನಿಂತ ಹಾಗಾಯಿತು. ಅವರ ಅಂಗಿ, ಸ್ಕೂಟರಿನ ಸೀಟು, ಕೊನೆಗೆ ಅವರು ನಮ್ಮನೆಗೆ ಕೊಟ್ಟು ಕಳಿಸುತ್ತಿದ್ದ ನುಗ್ಗೆಸೊಪ್ಪಿನಲ್ಲೂ ಇದೇ ವಾಸನೆ ಇರುತ್ತಿತ್ತು.

ನಾನು ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದೆ. ಅಣ್ಣನದು ಬಸ್ ಸ್ಟ್ಯಾಂಡ್ ಹಿಂದೆ ಮೋಟಾರು ವೈಂಡಿಂಗ್ ಅಂಗಡಿ. ನಾನು ಆ ಬೀದಿಗೆ ಬರುವ ಮುಂಚೆ ಅವರು ಬಹಳ ಕುಡಿಯುತ್ತಿದ್ದರಂತೆ. ಚರಂಡಿ ಪಕ್ಕದಿಂದ ತಾನೇ ಎತ್ತಿಕೊಂಡು ಬರುತ್ತಿದ್ದದ್ದನ್ನು ಅವರ ಹೆಂಡತಿ, ಅತ್ತಿಗೆಯೇ ನನಗೆ ಹೇಳಿದ್ದರು. ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಒಂದು ದಿನ ಅವಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿ ಕುಡಿತ ಬಿಟ್ಟವರು, ಮತ್ತೆ ಮುಟ್ಟಿರಲಿಲ್ಲ. ನಾನು ನೋಡಿದ ಅಣ್ಣ ಸಂಜೆ ಬಾಗಿಲಲ್ಲಿ ಕೂತು ಲೋಟದ ತುಂಬಾ ಟೀ ಕುಡಿಯುವ, ಬೀದಿಯವರ ಸ್ವಿಚ್ಚು ಫ್ಯಾನು ಎಲ್ಲ ಕರೆದ ತಕ್ಷಣ ಬಂದು ಸರಿ ಮಾಡಿಕೊಡುವ ಮನುಷ್ಯ.

ಮಗಳ ಮದುವೆ ಗೌರಿಬಿದನೂರಿನ ಹುಡುಗನ ಜೊತೆ ಆಯಿತು. ಸಂಬಂಧ ಮಾತಾಡುವಾಗ ಹಳೇ ಕುಡಿತದ ವಿಷಯವನ್ನು ಯಾರೂ ಎತ್ತಲಿಲ್ಲ. ಬಿಟ್ಟುಹೋದ ಚಟವನ್ನು ಯಾಕೆ ಹೇಳಿಕೊಳ್ಳಬೇಕು ಅನ್ನುವುದು ಅತ್ತಿಗೆಯ ಮಾತು.

ಮೊದಲ ದೀಪಾವಳಿಗೆ ಅಳಿಯ ಬಂದ. ಹೂವು, ಹಣ್ಣು, ಅತ್ತೆಗೆ ಸೀರೆ. ಮಾವನಿಗೆ ಒಂದು ಉದ್ದನೆಯ ಡಬ್ಬ. ನಾನೂ ಅಲ್ಲೇ ಇದ್ದೆ. ಒಳಗೆ ವೈನ್ ಬಾಟಲಿ. ನಿಜಕ್ಕೂ ಚೆಂದದ ಬಾಟಲಿ ಅದು… ತಿಳಿಗಾಜು, ಬಳುಕಿದ ಕತ್ತು, ಗಾಜಿನ ಮೇಲೆ ಉಬ್ಬಿದ ದ್ರಾಕ್ಷಿ ಗೊಂಚಲು, ಸುತ್ತ ಚಿನ್ನದ ಬಣ್ಣದ ಬಳ್ಳಿ, ಒಳಗೆ ಮಾಣಿಕ್ಯದಂಥ ಕೆಂಪು.

"ನಾನು ಕುಡಿಯಲ್ಲ ಮಾವ, ಒಳಗಡೆ ಇರೋದು ಹೆಂಗಿದ್ಯೋ ಗೊತ್ತಿಲ್ಲ," ಅಂದ ಅಳಿಯ. "ನಂದಿ ರಸ್ತೆ ಅಂಗಡೀಲಿ ನೋಡ್ದೆ. ಬಾಟಲ್ ತುಂಬಾ ಚೆನ್ನಾಗಿತ್ತು. ನಿಮ್ಮ ಷೋಕೇಸಿಗೆ ಒಪ್ಪತ್ತೆ ಅಂತ ತಂದೆ."

ಮಗಳ ಮುಖ ಬಿಳಿಚಿಕೊಂಡಿತು. ಅತ್ತಿಗೆ ಸೀರೆಯ ಮಡಿಕೆ ಬಿಚ್ಚುತ್ತಾ ಹಾಗೇ ನಿಂತುಬಿಟ್ಟರು. ಅಣ್ಣ ಮಾತ್ರ ನಗುತ್ತಾ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡು, ಷೋಕೇಸಿನ ಗೊಂಬೆಗಳನ್ನು ಸರಿಸಿ ನಡುವೆ ಇಟ್ಟರು.

ಅಳಿಯ ಹಬ್ಬಹಬ್ಬಕ್ಕೂ ಬರುವವನು. ಬಂದಾಗ ಅದು ಅಲ್ಲಿ ಕಾಣಬೇಕಲ್ಲ… ಹಾಗಾಗಿ ಎಸೆಯುವ ಹಾಗಿರಲಿಲ್ಲ, ಯಾರಿಗಾದರೂ ಕೊಡುವ ಹಾಗೂ ಇರಲಿಲ್ಲ. ಹಬ್ಬ ಕಳೆದ ವಾರದಲ್ಲೇ ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ನನಗೆ ಮೆಲ್ಲಗೆ ಹೇಳಿದರು. "ಅವ್ರು ಅಂಗಡಿಗೆ ಹೋದ್ಮೇಲೆ ಬಚ್ಚಲಿಗೆ ಸುರಿದ್ಬಿಟ್ಟೆ ಕಣಮ್ಮ. ನೀರಿಗೆ ಒಂದಿಷ್ಟು ಡಿಕಾಕ್ಷನ್ನು, ಕೇಕಿಗೆ ಹಾಕೋ ಕೆಂಪು ಬಣ್ಣ ಕಲಸಿ ತುಂಬಿಸಿದೀನಿ. ಗೊತ್ತೇ ಆಗಲ್ಲ. ಈಗ ನಿದ್ದೆ ಬರ್ತದೆ."

ಆದರೆ ಆ ಬಾಟಲಿ ಅಣ್ಣನಿಗೆ ಏನಾಗಿತ್ತು ಅನ್ನುವುದು ಅತ್ತಿಗೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರಂತೆ. ಕೈಗೆ ಸಿಗುವಷ್ಟು ಹತ್ತಿರ ಇದ್ದರೂ ಮುಟ್ಟಲಿಲ್ಲ ಅಂತ ಅಂದುಕೊಂಡು ಸ್ಕೂಟರ್ ಹತ್ತುತ್ತಿದ್ದರಂತೆ. ಇದನ್ನು ಅವರೇ ಆಮೇಲೆ ಹೇಳಿದ್ದು.

ಮುಂದಿನ ಬೇಸಿಗೆಯಲ್ಲಿ ದಿಬ್ಬೂರಹಳ್ಳಿ ಕಡೆಯ ಒಬ್ಬ ರೈತ ಅಣ್ಣನ ಹತ್ತಿರ ವೈಂಡಿಂಗ್ ಕಟ್ಟಿಸಿಕೊಂಡು ಹೋದ ಮೋಟಾರು ಮತ್ತೆ ಸುಟ್ಟಿತೆಂದು ವಾಪಸ್ಸು ತಂದ. ಕರೆಂಟು ಹೇಗೆಂದರೆ ಹಾಗೆ ಬಂದುಹೋಗುವ ಕಾಲ. ಮೋಟಾರು ಸುಡದೆ ಇನ್ನೇನು. ಅವನು ಗಿರಾಕಿಗಳೆಲ್ಲ ನಿಂತಿದ್ದ ಹೊತ್ತಿನಲ್ಲಿ, "ತಾಗುಬೋತೋಡು ಕಟ್ಟಿದ ಮೋಟ್ರು ಇನ್ನೆಷ್ಟು ದಿನ ಬರ್ತದೆ," ಅಂದನಂತೆ. ತೆಲುಗಿನಲ್ಲಿ ಕುಡುಕ ಅಂತ. ಬಿಟ್ಟು ಅಷ್ಟು ವರ್ಷವಾದ ಮೇಲೆ.

ಅಣ್ಣ ಅಂಗಡಿ ಬಾಗಿಲು ಹಾಕಿ ಮಧ್ಯಾಹ್ನವೇ ಮನೆಗೆ ಬಂದರು. ಅತ್ತಿಗೆ ಯಾರದೋ ನಾಮಕರಣಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ಮುಖ ನೋಡಿ ನನಗೆ ಭಯವಾಯಿತು.

"ಟೀಚರಮ್ಮ, ಆ ಬಾಟ್ಲಲ್ಲಿ ನೀರಿದೆ," ಅಂದರು.

ನಾನೂ ಮೆಟ್ಟಿಲ ಮೇಲೆ ಕೂತೆ.

"ನಾನು ಬಿಟ್ಟಿದೀನಿ ಅಂತ ನಾನೊಬ್ನೇ ನಂಬ್ಕೊಂಡಿದ್ದೆ. ದಿನಾ ಬೆಳಿಗ್ಗೆ ಬಣ್ಣದ ನೀರಿನ ಮುಂದೆ ನಿಂತು ಗೆದ್ದೆ ಅಂತ ಹೋಗ್ತಿದ್ದೆ."

"ಅತ್ತಿಗೆಗೆ ಅಪನಂಬಿಕೆ ಇರಲಿಲ್ಲ ಅಣ್ಣ, ಹೆದರಿಕೆ ಅಷ್ಟೆ," ಅಂದೆ.

"ಅವಳದೇನೂ ತಪ್ಪಿಲ್ಲ. ನಾನು ಲೋಟಕ್ಕೆ ಬಗ್ಗಿಸಿಕೊಂಡೆ ತಾನೇ? ಅವಳು ಅಂದ್ಕೊಂಡಿದ್ದೇ ನಿಜ ಆಯ್ತು. ಅದೇ ನಂಗೆ ತಡ್ಕೊಳಕ್ಕಾಗ್ತಿಲ್ಲ."

ಅತ್ತಿಗೆ ಬಂದಮೇಲೆ ಕೂತು ಮಾತಾಡಿ ಅಂತ ಬೇಡಿಕೊಂಡೆ. ಅಣ್ಣ ತಲೆಯಾಡಿಸಿದರು. "ಏನಂತ ಹೇಳ್ಲಿ? ಕಳ್ಳತನಕ್ಕೆ ಹೋದೆ, ಮನೇಲಿ ಏನೂ ಇರ್ಲಿಲ್ಲ ಅಂತಾನಾ?"

ಅತ್ತಿಗೆ ಬಂದರು. ಬಾಟಲಿಯಲ್ಲಿ ನೀರು ಇಳಿದದ್ದು ಅವರ ಕಣ್ಣಿಗೆ ಬೀಳದೆ ಇರಲಿಲ್ಲ. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಅದೇ ವಾರ ಅಣ್ಣ ಬಸ್ ಸ್ಟ್ಯಾಂಡಿನ ವೈನ್ ಶಾಪಿನ ಮುಂದೆ ನಿಂತಿದ್ದನ್ನು ಶಾಲೆಯಿಂದ ಬರುವಾಗ ನಾನೇ ಕಂಡೆ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಆಮೇಲೆ ಅವರು ಯಾರಿಗೂ ಮುಖ ಕೊಡಲಿಲ್ಲ. ಹಿಂದೆ ಕುಡಿಯುವಾಗ ಕೂಗಾಟ, ಅಳು, ಕಾಲಿಗೆ ಬೀಳುವುದು ಎಲ್ಲ ಇತ್ತಂತೆ. ಈ ಸಲ ಒಂದು ಮಾತೂ ಇಲ್ಲ. ಕುಡಿದು ಬಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಲಿವರ್ ಮೊದಲೇ ಅರ್ಧ ಹೋಗಿತ್ತೆಂದು ಆಸ್ಪತ್ರೆಯವರು ಅಂದರು. ಮುಂದಿನ ದೀಪಾವಳಿಗೆ ಕಾಲು ಊದಿತ್ತು. ಸಂಕ್ರಾಂತಿ ನೋಡಲಿಲ್ಲ…

ಹನ್ನೊಂದನೇ ದಿನದ ಕಾರ್ಯಕ್ಕೆ ನಾನೂ ಹೋಗಿದ್ದೆ. ಷೋಕೇಸಿನಲ್ಲಿ ಬಾಟಲಿ ಕಂಠದವರೆಗೆ ತುಂಬಿತ್ತು. ಅತ್ತಿಗೆ ಯಾವಾಗಲೋ ಮತ್ತೆ ತುಂಬಿಸಿಟ್ಟಿದ್ದರು. ಅಳಿಯ ಅದರ ಮುಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಾ, "ಹೊರಗಡೆ ಅಷ್ಟು ಕುಡಿದ್ರೂ ಮಾವ ನಾನು ಕೊಟ್ಟಿದ್ದನ್ನ ಮುಟ್ಟಿಲ್ಲ ನೋಡಿ ಟೀಚರ್. ಎಷ್ಟು ಜೋಪಾನವಾಗಿ ಇಟ್ಕೊಂಡಿದ್ರು," ಅಂದ. ಅತ್ತಿಗೆ ಎಲೆ ಒರೆಸುತ್ತಾ ಕೂತಿದ್ದರು. ಇನ್ನೊಂದು ಎಲೆ ತೆಗೆದುಕೊಂಡರು.

ಈಗ ಅತ್ತಿಗೆ ಮಗಳ ಜೊತೆ ಗೌರಿಬಿದನೂರಿನಲ್ಲಿದ್ದಾರೆ. ಕಳೆದ ಭಾನುವಾರ ನೋಡಲು ಹೋದೆ. ಬಹಳ ಇಳಿದುಹೋಗಿದ್ದಾರೆ. ಮಗಳು ಅಂಗಡಿಗೆ ಹೋದ ಹೊತ್ತಿನಲ್ಲಿ, ನಾನು ಕೇಳದೆಯೇ ಅವರೇ ಬಾಯಿಬಿಟ್ಟರು.

"ನಿಜವಾದ್ದೇ ಇದ್ದಿದ್ರೆ ಅವತ್ತು ಕುಡ್ದು ಬಿದ್ದಿರೋರು ಕಣಮ್ಮ. ಬಿದ್ದೋರನ್ನ ಎತ್ತೋದು ನಂಗೆ ಗೊತ್ತಿತ್ತು, ಎಷ್ಟು ಸಲ ಎತ್ತಿಲ್ಲ. ಎದ್ದು ಅತ್ತು ಮತ್ತೆ ಬಿಡೋರು. ನೀರು ಕುಡ್ದು ಕೂತೋರನ್ನ ನಾನು ಹೆಂಗೆ ಎತ್ಲಿ?"

ಹಾಗಲ್ಲ ಅತ್ತಿಗೆ ಅನ್ನಬೇಕೆಂದುಕೊಂಡೆ. ಆದರೆ ಅವರು ಹೇಳಿದ್ದು ನಿಜವಿರಬಹುದು ಅಂತ ನನಗೂ ಅನಿಸಿತ್ತು. ಅವರ ಕೈ ಹಿಡಿದುಕೊಂಡು ಕೂತೆ. ಹೊರಗೆ ಗೇಟಿನ ಸದ್ದಾಯಿತು. ಅಳಿಯ ಚಪ್ಪಲಿ ಬಿಡುತ್ತಾ, "ಟೀಚರ್, ಊಟ ಮಾಡ್ಕೊಂಡೇ ಹೋಗ್ಬೇಕು," ಅಂದ. ಪಾಪ, ಒಳ್ಳೆಯ ಹುಡುಗ. ಅವನಿಗೆ ಆ ಬಾಟಲಿಯ ಕಥೆ ಇವತ್ತಿಗೂ ಗೊತ್ತಿಲ್ಲ, ಇನ್ನು ಹೇಳುವವರೂ ಇಲ್ಲ. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ತಟ್ಟೆ ಹಾಕಲು ಒಳಗೆ ಹೋದರು.