ಕೊಟ್ರಬಸಮ್ಮನ ನೇರಳೆ ಗೆಣಸು

ಚಿಗಟೇರಿಯ ಕೊಟ್ರಬಸಮ್ಮ ಹದಿನೆಂಟು ವರ್ಷದಿಂದ ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡುತ್ತಿದ್ದಾಳೆ. ನೂರೈವತ್ತು ಮಕ್ಕಳ ಸಾಂಬಾರಿಗೆ ಉಪ್ಪು ಹಾಕುವಾಗಲೂ ಅವಳ ಕೈ ತಪ್ಪಿದ್ದಿಲ್ಲ. ಮನೆಯಲ್ಲಿ ಅತ್ತೆ ನಾಗಲಿಂಗಮ್ಮ ಮಾತ್ರ ಅವಳ ಅಡುಗೆಗೆ ಇನ್ನೂ ಪೂರ್ತಿ ಅಂಕ ಕೊಟ್ಟಿಲ್ಲ.

ಎಂಬತ್ತು ದಾಟಿದ ನಾಗಲಿಂಗಮ್ಮ ಶಿವರಾತ್ರಿಯ ಉಪವಾಸ ಬಿಟ್ಟವಳಲ್ಲ. ಸಂಜೆ ಪೂಜೆಯಾದ ಮೇಲೆ ಗೆಣಸು ತಿನ್ನುತ್ತಾಳೆ, ಅದೂ ತನ್ನ ತವರು ಕೋಗಳಿಯದು. ಈ ಸಲ ಅದು ತನ್ನ ಹಿತ್ತಲದ್ದೇ ಆಗಬೇಕೆಂದು ಕೊಟ್ರಬಸಮ್ಮ ಹಟ ಹಿಡಿದಳು. ಶಾಲೆಯಲ್ಲಿ ಅವಳ ಜೊತೆ ಅಡುಗೆ ಮಾಡುವ ಭಾಗ್ಯ ಎಂಬಾಕೆ ಹೂವಿನಹಡಗಲಿಯ ಅಣ್ಣನ ತೋಟದಿಂದ ನೇರಳೆ ಗೆಣಸಿನ ಬಳ್ಳಿ ತಂದುಕೊಟ್ಟಳು. ದಸರಾ ಕಳೆದ ಮೇಲೆ ಕೊಟ್ರಬಸಮ್ಮ ಹಿತ್ತಲಲ್ಲಿ ಮಣ್ಣು ಏರಿಸಿ, ಬಳ್ಳಿಯ ಗೇಣುದ್ದದ ತುಂಡುಗಳನ್ನು ಊರಿದಳು. ಗಿಣ್ಣುಗಿಣ್ಣಿಗೂ ಬೇರು ಬಿಡದಂತೆ ಬಳ್ಳಿಯನ್ನು ಆಗಾಗ ಎತ್ತಿ ಮಗುಚಿದಳು. ಶಿವರಾತ್ರಿಯ ಬೆಳಿಗ್ಗೆ ಅಗೆದರೆ ಒಂದು ಪುಟ್ಟಿ ಗೆಣಸು!

ಅತ್ತೆ ಒಂದನ್ನು ಉಗುರಿನಿಂದ ಕೆರೆದು ನೋಡಿದಳು.

“ಏ ಬಸಮ್ಮ, ನೀರು ಹಾಕಿ ಬೆಳಿಸೀಯೋ, ಶಾಯಿ ಹಾಕಿ ಬೆಳಿಸೀಯೋ?”

“ನಾಲಿಗಿಗೂ ಒಂದೀಟು ಉಪಾಸ ಕೆಡವ್ರಿ ಅತ್ತಿ. ಸಂಜಿಗೆ ತಿಂದು ಹೇಳೀರಂತ.”

ಸಂಜೆ ಅತ್ತೆ ಪೂಜೆಗೆ ಕುಳಿತಾಗ ಗೆಣಸು ಹೆಚ್ಚಿ ಬೇಯಲಿಟ್ಟಳು. ಶಾಲೆಯಲ್ಲಿ ಬೇಳೆ ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಿ ಹಾಕಿ ರೂಢಿಯಾದ ಕೈ ಇಲ್ಲಿಯೂ ತಾನಾಗಿ ಆ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದರೆ ನೇರಳೆ ಮಾಯವಾಗಿ ಪಾಚಿಯಂಥ ಹಸಿರು! ಈ ವರ್ಷ ಗೆಣಸು ಕಳಿಸಬೇಡಿ ಎಂದು ಕೋಗಳಿಗೆ ಫೋನ್ ಮಾಡಿದವಳೂ ಅವಳೇ.

ಪೂಜೆ ಮುಗಿಸಿ ಬಂದ ಅತ್ತೆ ಪಾತ್ರೆಯೊಳಗೆ ಇಣುಕಿದಳು.

“ಏನ ಹಾಕಿದಿ?”

“ಸೋಡಾ... ಒಂದ್ ಚಿಟಿಗಿ.”

“ಇದನ್ನ ನಿನ್ನ ಸಾಲಿ ಬ್ಯಾಳಿ ಅಂತ ತಿಳ್ಕಂಡಿಯೇನು? ಇನ್ನ ಗೆಣಸು ಅದಾವಿಲ್ಲೋ?”

“ಪುಟ್ಟ್ಯಾಗ ಅದಾವ್ರಿ.”

“ಬಚ್ಚಲ ಒಲಿ ಬೂದ್ಯಾಗ ಹುಗಿ, ನಡಿ. ನೀರೂ ಬ್ಯಾಡ, ಸೋಡಾನೂ ಬ್ಯಾಡ.”

ಅತ್ತೆಯ ಸ್ನಾನಕ್ಕೆ ನೀರು ಕಾಯಿಸಿದ ಒಲೆಯಲ್ಲಿ ಕೆಂಡ ಇನ್ನೂ ಇತ್ತು. ಇಬ್ಬರೂ ಅದರ ಮುಂದೆ ಕುಳಿತರು. ಹಸಿರು ಗೆಣಸು ಎಮ್ಮೆಯ ಪಾಲಾಯಿತು. ಸುಟ್ಟ ಸಿಪ್ಪೆ ಸುಲಿದಾಗ ಒಳಗೆ ಕಡುನೇರಳೆ, ಘಮಘಮ ಹಬೆ. ನಾಗಲಿಂಗಮ್ಮ ಊದಿ ಊದಿ ಒಂದು ತುಣುಕು ಬಾಯಿಗಿಟ್ಟಳು. ಇನ್ನೊಂದಕ್ಕೆ ಕೈ ಚಾಚಿದಳು.

“ಹೆಂಗೈತ್ರಿ ಅತ್ತಿ?”

“ನಮ್ಮ ಕೋಗಳಿ ಗೆಣಸಿನಷ್ಟು ಸಿಹಿ ಇಲ್ಲ,” ಎಂದ ಮುದುಕಿಯ ತುಟಿ, ನಾಲಿಗೆ ಎರಡೂ ನೇರಳೆಯಾಗಿದ್ದವು. ಮೂರನೆಯದನ್ನು ಸುಲಿಯುತ್ತಾ ಕೇಳಿದಳು, “ಬಳ್ಳಿ ತಿಪ್ಪಿಗೆ ಒಗದಿಯೇನು?”

“ಇಲ್ರಿ, ಬಕೀಟಿನ್ಯಾಗ ಇಟ್ಟೀನಿ.”

“ನಾಕು ತುಂಡು ಕೋಗಳಿಗೆ ಕಳಿಸು. ಹಂಗ, ಸೋಡಾ ಹಾಕಬ್ಯಾಡ್ರಿ ಅಂತಾನೂ ಹೇಳು.”